ಅರಗಿನ ತಟ್ಟೆ

ಮಾರ್ಚ್ 3

ಅಪ್ಪನ ಗಂಟಲಿನ ಟ್ಯೂಬು ತೊಳೆದು, ಸ್ಟೂಲು, ಚಿಲಕ, ನನ್ನ ಹೊಲಿಗೆ ಕತ್ತರಿ — ಎಲ್ಲಕ್ಕೂ ಸ್ಪಿರಿಟ್ ಸವರಿ ನನ್ನ ತಮ್ಮ ಡ್ಯೂಟಿಗೆ ಹೋದ. ಆಸ್ಪತ್ರೆ ಕಾಂಪೌಂಡರ್ ಮನೆಯಲ್ಲಿದ್ದರೆ ಹೀಗೇ. ಒಂದು ದಿನ ನನ್ನನ್ನೂ ಹತ್ತಿಯಲ್ಲಿ ಒರೆಸಿಬಿಡುತ್ತಾನೆ.

ಮಧ್ಯಾಹ್ನ ಸೂಜಿ ಮಾಮನ ಅಂಗಡಿಗೆ ಹೋದೆ. ಹಳೇ ಗ್ರಾಮಫೋನು, ರೆಕಾರ್ಡು ಮಾರುವವರು. ಯಾರೋ ಗಂಡ ಹೆಂಡತಿ ಬಂದು ಹಿತ್ತಾಳೆ ಕೊಂಬು ಮಾತ್ರ ಸಾಕು ಎಂದರು, ಒಳಗೆ ಬಲ್ಬು ಸಿಕ್ಕಿಸುತ್ತಾರಂತೆ. "ಹಸು ಬಿಟ್ಟು ಕೊಂಬು ಕೊಡಲ್ಲ" ಎಂದು ಮಾಮ ಸಾಗಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಸಿಕ್ತು ಕಣಮ್ಮ. ನಿಮ್ಮಪ್ಪಂದು."

ಅಪ್ಪ ಹಾಡಿದ ಒಂದೇ ರೆಕಾರ್ಡು. ನಾವು ಹುಟ್ಟುವ ಮೊದಲಿನದು. ಆಮೇಲೆ ಲಾರಿ ತೂಕದ ಕಟ್ಟೆಯಲ್ಲಿ ಗುಮಾಸ್ತರಾದರು, ಹಾಡು ಬಿಟ್ಟರು. ಗುನುಗಿದ್ದನ್ನೂ ನಾವು ಕೇಳಿಲ್ಲ. ಈಗ ಆಪರೇಷನ್ ಆಗಿ ದನಿಯೇ ಇಲ್ಲ. ಫೋನಿನಲ್ಲಿ ಉಳಿದಿರುವುದು ಒಂದು ವಾಯ್ಸ್ ಮೆಸೇಜು: "ಗ್ಯಾಸ್ ಆಫ್ ಮಾಡಿದ್ಯಾ?"

ಮಾರ್ಚ್ 5

ಅಪ್ಪ ರೆಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಮೂಸಿ ನೋಡಿದರು. ಲೇಬಲ್ಲಿನ ಮೇಲಿನ ತಮ್ಮ ಹೆಸರನ್ನು ಉಗುರಿನಲ್ಲಿ ಕೆರೆದರು. ನಮ್ಮ ಗ್ರಾಮಫೋನಿನ ಸ್ಪ್ರಿಂಗ್ ಮುರಿದಿದೆ, ಮಾಮನ ಹತ್ತಿರ ರಿಪೇರಿಯಲ್ಲಿದೆ. ಭಾನುವಾರ ಸಿಗುತ್ತದಂತೆ. ರೆಕಾರ್ಡಿನ ತಟ್ಟೆ ತುಂಬ ಬೂಷ್ಟು. ಒರೆಸುವಾಗ ಸೋಪು ಹಾಕಬೇಡಿ ಎಂದಿದ್ದಾರೆ ಮಾಮ. ತಮ್ಮನಿಗೂ ಹೇಳಿಟ್ಟೆ.

ಅಪ್ಪನಿಗೆ ಮತ್ತೆ ಗಡ್ಡೆ ಬಂದಿದೆಯಂತೆ. ಈ ಸಲ ಕತ್ತರಿ ಹಾಕುವಂತಿಲ್ಲ ಎಂದರು ಡಾಕ್ಟರು. ಬೇಗ ಹಾಡು ಕೇಳಿಬಿಡಬೇಕು.

ಮಾರ್ಚ್ 9, ಭಾನುವಾರ

ಬರೆಯಲು ಕೈ ಬರುತ್ತಿಲ್ಲ.

ಗ್ರಾಮಫೋನು ಹೊತ್ತು ತರುವಷ್ಟರಲ್ಲಿ ತಮ್ಮ ರೆಕಾರ್ಡು ಒರೆಸಿಟ್ಟಿದ್ದ. "ಸೋಪು ಮುಟ್ಟಿಸಿಲ್ಲಕ್ಕ. ಸ್ಪಿರಿಟಲ್ಲಿ ಒರೆಸ್ದೆ. ನೋಡು, ಎಷ್ಟು ಕೊಳೆ." ಹತ್ತಿ ಇದ್ದಿಲಿನಷ್ಟು ಕಪ್ಪು.

ಯಾಕೋ ಅನುಮಾನ ಬಂತು. ಮಾಮನಿಗೆ ಫೋನು ಮಾಡಿದೆ. "ಅದು ಅರಗಿನ ತಟ್ಟೆ ಕಣಮ್ಮ. ಸ್ಪಿರಿಟಿಗೆ ಕರಗುತ್ತೆ. ಹತ್ತೀಲಿ ಬಂದಿರೋದು ಕೊಳೆ ಅಲ್ಲ... ಹಾಡು."

ತಿರುವಿ ನೋಡಿದೆ. ಹಿಂಬದಿ ಚೆನ್ನಾಗಿದೆ. ಅಲ್ಲಿ ಹಾಡಿರುವವನು ಬೇರೆ ಯಾರೋ.

ಆದರೂ ಅಪ್ಪನ ಬದಿಯನ್ನೇ ಹಾಕಿದೆವು. ಮರಳು ಜರಡಿ ಹಿಡಿದ ಸದ್ದು, ಅಷ್ಟೇ. ತಮ್ಮ ಗೋಡೆ ಕಡೆ ತಿರುಗಿ ನಿಂತ. ಬೈಯಲಿಲ್ಲ ನಾನು. ಬೈದಿದ್ದರೇ ಚೆನ್ನಾಗಿತ್ತೇನೋ. ಅಪ್ಪ ಮಾತ್ರ ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು.

ಮಾರ್ಚ್ 10

ತಮ್ಮ ಊಟ ಮಾಡಿಲ್ಲ. ಸ್ಪಿರಿಟ್ ಬಾಟಲಿಯನ್ನು ಬಚ್ಚಲಿಗೆ ಸುರಿದಿದ್ದಾನೆ. ಮನೆಯೆಲ್ಲ ಆಸ್ಪತ್ರೆ ವಾಸನೆ.

ಮಾರ್ಚ್ 22

ದಿನಾ ಸಂಜೆ ಅಪ್ಪ ಗ್ರಾಮಫೋನಿನ ಕಡೆ ಬೊಟ್ಟು ಮಾಡುತ್ತಾರೆ. ಅದೇ ಬದಿ, ಅದೇ ಮರಳು. ಇವತ್ತು ತಮ್ಮನ ಅಂಗಿ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವನ ತೊಡೆಯ ಮೇಲೆ ತಾಳ. ಒಂದು ಕಡೆ ಬೆರಳು ನಿಲ್ಲಿಸಿ, ಟ್ಯೂಬು ಸೊಂಯ್ ಎನ್ನುವಂತೆ ಉಸಿರೆಳೆದು, ಅವನ ಮುಖ ನೋಡಿದರು. ಮತ್ತೆ ಹಾಕಿಸಿದರು. ಮತ್ತೆ ಅದೇ ಜಾಗದಲ್ಲಿ ಉಸಿರು. ತಮ್ಮ ಬಿಕ್ಕಿ ಬಿಕ್ಕಿ ಅತ್ತ.

ಸುಳ್ಳೇಕೆ, ನನಗೆ ಹೊಟ್ಟೆಕಿಚ್ಚಾಯಿತು. ಅಂಗಡಿ ಅಂಗಡಿ ಅಲೆದು ಹುಡುಕಿಸಿದವಳು ನಾನು.

ಏಪ್ರಿಲ್ 30

ಅಪ್ಪ ಇಲ್ಲ. ಬರೆಯುವುದಕ್ಕೆ ಇಷ್ಟು ದಿನ ಬೇಕಾಯಿತು.

ಮಾಮ ಬಂದಿದ್ದರು. ಇನ್ನೊಂದು ಪ್ರತಿ ಸಿಗಬಹುದಾ ಎಂದು ಕೇಳಿದೆ. "ಸುಳ್ಳು ಆಸೆ ಹುಟ್ಟಿಸಲ್ಲಮ್ಮ. ಅದೊಂದು ಸಿಕ್ಕಿದ್ದೇ ಹೆಚ್ಚು." ಹೋಗುವಾಗ, "ದಿನಾ ಹಾಕ್ಬೇಡಿ. ಉಕ್ಕಿನ ಸೂಜಿ. ಇರೋ ಗೆರೇನೂ ಸವೆದೋಗುತ್ತೆ" ಎಂದರು.

ತಮ್ಮನಿಗೆ ಹೇಳಲಿಲ್ಲ.

ಮೇ 4, ಸಂಜೆ

ತಮ್ಮ ಬಂದವನೇ ರೆಕಾರ್ಡು ಹಾಕಿದ. ಕಣ್ಣು ಮುಚ್ಚಿ, ತೊಡೆ ಮೇಲೆ ತಾಳ. ನಾನು ಗುಂಡಿ ಹೊಲಿಯುತ್ತಿದ್ದೆ. ತಟ್ಟನೆ ಕೈ ಎತ್ತಿದ.

"ಅಕ್ಕ, ಇಲ್ಲಿ. ಅಪ್ಪ ಉಸಿರು ತಗೊಂಡ್ರು. ಕೇಳಿಸ್ತಾ?"

ಮರಳು. ಬರೀ ಮರಳು.

"ಕೇಳಿಸ್ತು" ಎಂದೆ.

ಮುಖ ಅರಳಿತು. ಎಷ್ಟೋ ದಿನದ ಮೇಲೆ. "ನನಗೆ ಉಸಿರಷ್ಟೇ ಕಣಕ್ಕ. ನಿನಗೆ ದನೀನೂ ಕೇಳಿಸ್ತಾ? ಹೇಗಿತ್ತು?"

ಬರೆದು ಮುಗಿಸಿ ಹೇಳುತ್ತೇನೆ ಎಂದಿದ್ದೇನೆ. ಕೀ ಕೊಟ್ಟು, ಸೂಜಿ ಎತ್ತಿ ಹಿಡಿದು, ಕಾಯುತ್ತಿದ್ದಾನೆ. ಅಪ್ಪ ಹಾಡುವಾಗ ದನಿ...