ಪ್ರಧಾನಿಯ ಗೆಳೆಯನ ಜೋಕು

ಮಾರ್ಚ್ ೧೪, ಗುರುವಾರ

ನಮ್ಮ ಹೊಸ ರಾಯಭಾರಿಯ ಅರ್ಹತೆ ಒಂದೇ: ಶಾಲೆಯಲ್ಲಿ ಪ್ರಧಾನಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದು. ಇಲ್ಲಿ ಸೆರೆಯಲ್ಲಿರುವ ನಮ್ಮ ಹತ್ತೊಂಬತ್ತು ಮೀನುಗಾರರ ಬಿಡುಗಡೆಯ ಮಾತುಕತೆಗೆ ಇಂದು ಫೈಲನ್ನೂ ತೆರೆಯದೆ ಬಂದ. ಇಲ್ಲಿನ ಮಂತ್ರಿಗಳು ಅವರ ವಿಷಯ ಎತ್ತಿದ್ದಕ್ಕೆ, "ಜೈಲಲ್ಲಿ ಪುಕ್ಕಟೆ ಊಟ, ಹೆಂಡತಿ ಕಾಟ ಇಲ್ಲ. ಅವರಿಗೇನು ಅವಸರ?" ಎಂದ. ನಗದೆ ಜೋಕು ಹೇಳುವುದು ತನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದಾನೆ. ಇಂದು ಅದೇ ಕಾಪಾಡಿತು.

ದುಭಾಷಿ ನಾನು. "ಅವರ ಮನೆಯವರು ಎಂಟು ತಿಂಗಳಿಂದ ಕಾಯುತ್ತಿದ್ದಾರೆ" ಎಂದು ಹೇಳಿದೆ. ಅನುವಾದಿತ ಕಾದಂಬರಿಯಲ್ಲಿ ಒಂದು ಪದ ಜಾರಿದರೂ ಅಂಚಿನಲ್ಲಿ ಗೀಟು ಹಾಕುವವಳು, ಇಡೀ ಮಾತನ್ನೇ ಬದಲಿಸಿದೆ. ನಾಚಿಕೆಯಾಗಲಿಲ್ಲ. ಮಂತ್ರಿಗಳು, ಬಿಡುಗಡೆ ಪತ್ರಕ್ಕೆ ನಾಳೆ ಸಹಿ ಹಾಕೋಣ ಎಂದರು.

ಕಾರಿನಲ್ಲಿ ಕೂತವನೇ ಪ್ರಧಾನಿಗೆ ಫೋನು. "ಲೋ, ಒಂದೇ ಜೋಕಿಗೆ ಬಗ್ಗಿಬಿಟ್ಟ ಕಣೋ. ನಾಳೆ ಇನ್ನೊಂದು ಬಿಡ್ತೀನಿ ನೋಡು."

ಆಮೇಲೆ ನನ್ನ ಕಡೆ ತಿರುಗಿ, "ನಾಳೆ ನೀವು ರಜೆ ತಗೊಳ್ಳಿ ಮೇಡಂ. ಅವರ ಕಡೆ ದುಭಾಷಿ ಊರಿಂದ ವಾಪಸ್ ಬರ್ತಾನಂತೆ, ಅವನೇ ಸಾಕು" ಎಂದ.

ಬೇಡಿಕೊಂಡೆ. ಜೀವನದಲ್ಲಿ ಮೊದಲ ಸಲ, ಇಂಥವನನ್ನು. ಕೇಳಿಸದವನಂತೆ ಕಿಟಕಿ ಇಳಿಸಿದ.

ಆ ದುಭಾಷಿಯನ್ನು ಬಲ್ಲೆ. ತುಂಬ ಪ್ರಾಮಾಣಿಕ, ಒಂದಕ್ಷರ ಬಿಡುವುದಿಲ್ಲ.