ಬೆನ್ನ ಹಿಂದಿನ ಕೈ

ಜೂನ್ 3, ಸೋಮವಾರ

ಎಣ್ಣೆ ತಿಕ್ಕಿದ್ದಾಯಿತು. ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದೂ ಆಯಿತು. ಬಿಟ್ಟರೆ ಮತ್ತೆ ಮಡಚಿಕೊಳ್ಳುತ್ತವೆ. ಆಮೇಲೆ ಟವೆಲ್. ಕೈಯನ್ನು ಎದೆಗೆ ಒತ್ತಿ, ಹಸಿರು ಅಂಚಿನ ಟವೆಲ್ ಸುತ್ತಿ, ಬೆನ್ನ ಮೇಲೆ ಗಂಟು.

ಪೊಂಗಲ್ ಮುಗಿದ ವಾರ ಇವರಿಗೆ ಸ್ಟ್ರೋಕ್ ಆಯಿತು. ಅವತ್ತಿನಿಂದ ಬಲಗೈಗೆ ಏನೂ ಗೊತ್ತಾಗುವುದಿಲ್ಲ. ಹೋದ ತಿಂಗಳು ಬಾಗಿಲ ಸಂದಿಗೆ ಸಿಕ್ಕಿ ರಕ್ತ ಸುರಿಯುತ್ತಿತ್ತು — ಇವರು ಆರಾಮಾಗಿ ನ್ಯೂಸ್ ನೋಡುತ್ತಾ ಕೂತಿದ್ದರು! ಅದಾದ ಮೇಲೆ ಕಟ್ಟಿಯೇ ಬಿಡುತ್ತೇನೆ.

ತಿರುಪ್ಪೂರಿನಿಂದ ವಿನೋದಿನಿ ಫೋನ್. “ಅಪ್ಪ ಮಾತಾಡ್ತಾರಾಮ್ಮಾ?” ಇಲ್ಲ ಮಗಳೇ. ನಾಲಿಗೆ ಸರಿಯಾಗಿದೆ ಅಂತ ಡಾಕ್ಟರ್ ಹೇಳುತ್ತಾರೆ. ಮಾತೇ ಬೇಡವಾಗಿದೆ ನಿಮ್ಮಪ್ಪನಿಗೆ.

ಇದನ್ನೆಲ್ಲ ಯಾರಿಗೆ ಬರೆಯುತ್ತೇನೋ. ತಮಿಳುನಾಡಿನ ಈ ಮನೆಯಲ್ಲಿ ಮಾತು ಕನ್ನಡ, ಓದು ತಮಿಳು. ಕೊಳ್ಳೇಗಾಲದ ಶಾಲೆಯಲ್ಲಿ ಕಲಿತ ಅಕ್ಷರ ನನ್ನೊಬ್ಬಳದೇ. ಎದುರಿಗೇ ಇಟ್ಟರೂ ಇವರಿಗೆ ಓದಲು ಬಾರದು.

ಜೂನ್ 6, ಗುರುವಾರ

ಕಂದಸಾಮಿ ಬಂದಿದ್ದರು. ಭವಾನಿ ಸೇತುವೆ ಕಡೆ ಡಿಸೈನ್ ಅಂಗಡಿ ಇಟ್ಟವರು — ರೇಷ್ಮೆ ಸೀರೆಯ ಮಗ್ಗಗಳಿಗೆ ಜಕಾರ್ಡ್ ಅಟ್ಟೆ, ಅಂದರೆ ಚಿತ್ತಾರದ ರಟ್ಟು, ತೂತು ಹೊಡೆದು ಕೊಡುತ್ತಾರೆ. ಆ ತೂತು ಹೊಡೆಯುವ ಮೆಷಿನ್ನಿನ ಕಂಪ್ಯೂಟರ್ ವಿನೋದಿನಿಗಿಂತ ಹಳೆಯದು. ಅದರ ಮಾನಿಟರನ್ನು ಮಗುವಿನ ಹಾಗೆ ತಬ್ಬಿಕೊಂಡು ಆಟೋದಿಂದ ಇಳಿದರು. ಗೂನು ಬೆನ್ನಿನ ಹಳೇ ಕಲರ್ ಮಾನಿಟರ್ ಅದು.

“ರಂಗಣ್ಣಾ, ಒಂದ್ ದಡವೆ, ಒಂದೇ ಸಲ ನೋಡುಂಗಣ್ಣಾ. ಹೊಸಾ ಫ್ಲಾಟ್ ಸ್ಕ್ರೀನ್ ಹಾಕ್ದೆ, ಔಟ್ ಆಫ್ ರೇಂಜ್ ಅಂತದೆ. ಕೋಯಮುತ್ತೂರ್ಗೂ ತಗಂಡೋದೆ. ಈ ಕಾಲತ್ಲಿ ಇದನ್ ಯಾರ್ ಮುಟ್ತಾರೆ ಅಂದ್ಬುಟ್ರು.”

ಇವರ ಹಿಂದೆ ನಿಂತು ಬೇಡ ಬೇಡ ಅಂತ ಕೈ ಆಡಿಸಿದೆ. ಕಂದಸಾಮಿಗೆ ಕಂಡಿತು, ಪಾಪ, ಮುಖ ಸಣ್ಣದಾಯಿತು. ಅಷ್ಟರಲ್ಲಿ ಇವರು — “ಇಡು.”

ಒಂದೇ ಮಾತು. ಆದರೂ ಎಷ್ಟು ದಿನದ ಮೇಲೆ ಇನ್ನೊಬ್ಬರ ಮುಖ ನೋಡಿ ಆಡಿದ ಮಾತು! ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಜೂನ್ 7, ಶುಕ್ರವಾರ

ಮುಂದಿನ ಕೋಣೆಯ ಬೆಂಚ್ ಒರೆಸಿ ಕೊಟ್ಟೆ. ಇವರ ರಿಪೇರಿ ಅಂಗಡಿ ಅಂತ ಉಳಿದಿರುವುದು ಅದೊಂದೇ. ಹಳೇ ಟಿವಿ, ಮಾನಿಟರ್ ಎಲ್ಲವನ್ನೂ ಚಿತ್ತಿರೈ ತಿಂಗಳಲ್ಲೇ ವಿನೋದಿನಿ ಗುಜರಿಗೆ ಹಾಕಿಸಿದ್ದಳು.

ಸ್ವಿಚ್ ಹಾಕಿದೆ. ‘ದುಂ’. ಹಾಕಿದ ಕೂಡಲೇ ಒಳಗಿನ ತಂತಿಸುರುಳಿ ಪರದೆಗೆ ಅಂಟಿದ ಅಯಸ್ಕಾಂತದ ಗುಣವನ್ನು ಬಿಡಿಸುವ ಸದ್ದು. ಮದುವೆಯಾಗಿ ಬಂದಾಗಿನಿಂದ ಕೇಳಿದ ಸದ್ದು. ಆಮೇಲೆ ಪರದೆ ನಡುವೆ ಅಡ್ಡಕ್ಕೆ ಒಂದೇ ಒಂದು ಬೆಳ್ಳಿ ಗೆರೆ. ಮೇಲೆ ಕೆಳಗೆ ಪೂರ್ತಿ ಕತ್ತಲೆ.

“ಬ್ರೈಟ್‌ನೆಸ್ ತಗ್ಸು. ಗೆರೆ ಸುಟ್ಕಂಡು ಅಲ್ಲೇ ನಿಂತ್ಬುಡ್ತದೆ.”

ಅಂದವರೇ ಇವರು ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದರು. ಜಾರಿತು. ಮತ್ತೆ ಹಿಡಿದರು. ನೋಡಲಾಗದೆ ಒಳಗೆ ಬಂದೆ.

ಇವರದೊಂದು ನಿಯಮ. ಪಿಕ್ಚರ್ ಟ್ಯೂಬ್ ಇರುವ ಸೆಟ್ಟಿನೊಳಗೆ ಒಂದೇ ಕೈ ಹೋಗಬೇಕು, ಇನ್ನೊಂದು ಬೆನ್ನ ಹಿಂದೆ. ಎರಡೂ ಕೈ ತಾಗಿದರೆ ಕರೆಂಟ್ ಒಂದರಲ್ಲಿ ಹತ್ತಿ, ಎದೆ ದಾಟಿ, ಇನ್ನೊಂದರಲ್ಲಿ ಇಳಿಯುತ್ತದೆ. ದಾರಿಯಲ್ಲಿ ಹೃದಯವಿದೆ. ಅದಕ್ಕೇ ಜೀವಮಾನವಿಡೀ ಬಲಗೈ ದುಡಿಯಿತು, ಎಡಗೈ ಬೆನ್ನ ಹಿಂದೆ ಸುಮ್ಮನೆ ಕೂತಿತು. ಹೊಸದರಲ್ಲಿ ನಾನು ಸದ್ದಿಲ್ಲದೆ ಹೋಗಿ ಆ ಅಂಗೈಗೆ ಕಚಗುಳಿ ಇಡುತ್ತಿದ್ದೆ. ಬೆಸುಗೆ ಹಾಕುತ್ತಿರುವಾಗ ತಿರುಗುವ ಹಾಗಿಲ್ಲವಲ್ಲ! ನಗು ತಡೆದು ಬೈಯುತ್ತಿದ್ದರು.

ಈಗ ಕೆಲಸ ಕಲಿತ ಕೈ ಹೋಯಿತು. ಏನೂ ಕಲಿಯದ ಸೋಮಾರಿ ಕೈ ಉಳಿಯಿತು.

ಜೂನ್ 9, ಭಾನುವಾರ

ಪಾಠ ಹೇಳಿದರು ನನಗೆ. ನನಗೆ! ಇಷ್ಟು ವರ್ಷದಲ್ಲಿ ಕೇಳಿದಾಗೆಲ್ಲ “ನಿಂಗ್ಯಾಕೆ” ಅಂದವರು.

“ಮಗ್ಗದಲ್ಲಿ ಕೂತವ್ಳು ನೀನು. ಲಾಳಿ ಅಡ್ಡ ಓಡ್ತದಲ್ಲ? ನೇಯ್ದ ಬಟ್ಟೆ ಮೆತ್ತಗೆ ದಿಂಡಿಗೆ ಸುತ್ಕೋತದಲ್ಲ? ಇಲ್ಲೂ ಅಷ್ಟೇ. ಟ್ಯೂಬ್ ಕತ್ತಿನಲ್ಲಿ ಗನ್ ಅದೆ, ಅದು ಎಲೆಕ್ಟ್ರಾನ್ ಉಗೀತದೆ. ಕತ್ತಿನ ಸುತ್ತ ಈ ತಾಮ್ರದ ಕಾಯಿಲ್. ಒಂದ್ ಸರ್ಕ್ಯೂಟು ಅದನ್ನ ಅಡ್ಡ ಎಳೀತದೆ, ಬಲು ಬೇಗ. ಇನ್ನೊಂದು ಮೆತ್ತಗೆ ಕೆಳಗಿಳಿಸ್ತದೆ. ಎಳೆ ಎಳೆಯಾ ಪರದೆ ತುಂಬ್ತದೆ.”

“ದಿಂಡು ತಿರುಗದೇ ಹೋದ್ರೆ?”

“ನೀನೇ ಹೇಳು.”

“ಎಲ್ಲಾ ಎಳೆನೂ ಒಂದೇ ಕಡೆ ಬೀಳ್ತದೆ.”

“ಅದೇ ಈ ಗೆರೆ. ಅಡ್ಡ ಎಳೆಯೋನು ಚೆನ್ನಾಗವ್ನೆ. ಇಳಿಸೋನು ಮಲಗವ್ನೆ.”

ಪ್ಲಗ್ಗಿನಲ್ಲಿ ಬರುವುದು ಇನ್ನೂರ ಮೂವತ್ತು ವೋಲ್ಟ್, ಟ್ಯೂಬಿನಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲೆ, ಹೇಗೆ ಅಂತ ಕೇಳಿದೆ. ಇವರ ಕಣ್ಣು ಅರಳಿತು. ಬಲ ತುದಿ ಮುಟ್ಟಿದ ಎಳೆ ಮುಂದಿನ ಸಾಲಿಗೆ ಎಡಕ್ಕೆ ವಾಪಸ್ ಬರಬೇಕು. ಬರುವುದು ಒಂದೇ ನೆಗೆತಕ್ಕೆ. ಆ ನೆಗೆತದ ಹೊಡೆತವನ್ನೇ ಟ್ರಾನ್ಸ್‌ಫಾರ್ಮರ್ ಹಿಡಿದು ಏರಿಸಿ, ಕೆಂಪು ವೈರಿನಲ್ಲಿ ಟ್ಯೂಬಿನ ನೆತ್ತಿಗೆ ಕಳಿಸುತ್ತದೆ. ಅಲ್ಲೊಂದು ರಬ್ಬರ್ ಕಪ್.

“ಆಫ್ ಮಾಡಿದ್ರೂ ಕಪ್ಪಿನಡಿ ಕೈ ಹಾಕ್ಬಾರ್ದು ವಿಜಿ. ಗಾಜು ಕರೆಂಟ್ ಹಿಡ್ಕಂಡಿರ್ತದೆ. ಸತ್ತದೆ ಅಂತ ನಂಬ್ಬಾರ್ದು.”

ಹೇಳಿ ತಮ್ಮ ಬಲಗೈ ನೋಡಿಕೊಂಡರು. ನಾನು ಕಾಣದವಳಂತೆ ಅನ್ನಕ್ಕಿಡಲು ಎದ್ದೆ.

ಜೂನ್ 12, ಬುಧವಾರ

ಇವತ್ತಿನದನ್ನು ಬರೆದುಬಿಡುತ್ತೇನೆ.

ಬೆಳಿಗ್ಗೆ ವ್ಯಾಯಾಮ ಮಾಡಿಸಲು ಇಲಕ್ಕಿಯಾ ಬಂದಿದ್ದಳು. ಟವೆಲ್ ನೋಡಿ, “ಕೈಯೆ ಕಟ್ಟಾದೀಂಗಕ್ಕಾ” ಅಂದಳು. ಕಟ್ಟಿದರೆ ಇನ್ನೂ ಮರಗಟ್ಟುತ್ತದಂತೆ, ಮೇಜಿನ ಮೇಲೆ ಬಿಡಬೇಕಂತೆ. ಬಿಚ್ಚಿದೆ. ಅವಳದೇನೂ ತಪ್ಪಿಲ್ಲ. ಬೆಂಚಿನ ಮೇಲೆ ಏನಿದೆ ಅಂತ ಅವಳಿಗೇನು ಗೊತ್ತು.

ಮಧ್ಯಾಹ್ನ ಒಳಗೆ ಚಟ್ನಿ ರುಬ್ಬುತ್ತಿದ್ದೆ. ‘ಚಟ್’ ಅಂತ ಸದ್ದು, ಕುರ್ಚಿ ಬಿದ್ದ ಸದ್ದು. ಓಡಿದೆ. ನೆಲದ ಮೇಲೆ ಬಿದ್ದಿದ್ದರು. ಕಪ್ ಬಿಡಿಸಲು ಹೋಗಿ ಎಡಗೈ ಜಾರಿ ಕರೆಂಟಿಗೆ ತಾಗಿದೆ. ಬಲಗೈ ಯಾವಾಗಲೋ ಸರಿದು ಮಾನಿಟರಿನ ಕಬ್ಬಿಣದ ಚೌಕಟ್ಟಿನ ಮೇಲೆ ಬಿದ್ದುಕೊಂಡಿತ್ತು. ಇವರಿಗೆ ಅದು ಗೊತ್ತೇ ಆಗಿಲ್ಲ. ಗೊತ್ತಾಗುವ ಕೈಯಾಗಿದ್ದರೆ ತಾನೇ?

ಎತ್ತಿ ಕೂರಿಸಿದೆ. ಅಳುತ್ತಿದ್ದರು. ಅಲ್ಲ — ನಗುತ್ತಿದ್ದರು. ಎರಡೂ.

“ತಿಳೀತು ವಿಜಿ. ಈ ಕೈಗೆ ಉಣರ್ಚಿ ಬಂತು, ಅರಿವು ಬಂತು. ಬೆರಳು ತುದಿವರೆಗೂ ಸುಟ್ಟಂಗಾಯ್ತು. ಬೆರಳು ಅದ್ರಿತು, ನಾನೇ ನೋಡ್ದೆ!”

ಬೆರಳು ಹಿಸುಕಿದೆ. “ಈಗ ತಿಳೀತದಾ?” ಇಲ್ಲ. ಚಿವುಟಿದೆ. ಇಲ್ಲ. ಆದರೂ ಆ ಮುಖ! ನನಗೆ ಆ ಸಂತೋಷ ನೋಡಿಯೇ ಹೆಚ್ಚು ಭಯವಾಯಿತು.

ಜೂನ್ 15, ಶನಿವಾರ

ಇಲಕ್ಕಿಯಾ ಹತ್ತಿರ ಎಲ್ಲ ಹೇಳಿದೆ. ಹುಡುಗಿ ಬಿಳಚಿಕೊಂಡಳು. ಆಸ್ಪತ್ರೆಯಿಂದ ಚಿಕ್ಕ ಮೆಷಿನ್ ತಂದಿದ್ದಳು. ಕೈಗೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಕೊಟ್ಟಳು. ಬೆರಳು ಅಷ್ಟಿಷ್ಟು ಆಡಿದವು. “ತೆರಿಯುದಾ ಅಪ್ಪಾ?” ಗೊತ್ತಾಗುತ್ತದಾ ಅಂತ ಕೇಳಿದಳು. ಇವರು ತಲೆ ಅಲ್ಲಾಡಿಸಿದರು. ಏನೂ ಇಲ್ಲ.

ಹೊರಗೆ ಕರೆದು ಹೇಳಿದಳು. ಶಾಕ್ ಹೊಡೆಸಿಕೊಂಡರೆ ಕೈಗೆ ಅರಿವು ವಾಪಸ್ ಬರುವುದಿಲ್ಲ. ಬಿ.ಪಿ. ಹೆಚ್ಚಿದೆ, ಹೃದಯದ ಬಡಿತವೂ ಸರಿಯಿಲ್ಲ. ಇನ್ನೊಂದು ಸಲ ಹಾಗೆ ಹೊಡೆದರೆ ಉಳಿಯುವುದು ಕಷ್ಟ. ಮೊದಲ ಸಲ ಬದುಕಿದ್ದೇ ಅದೃಷ್ಟ.

ಟವೆಲ್ ಮತ್ತೆ ಕಟ್ಟಿದೆ. ಗಂಟು ಬೆನ್ನ ಮೇಲೆ, ಎಡಗೈಗೆ ಎಟುಕದ ಜಾಗದಲ್ಲಿ. ಇಲಕ್ಕಿಯಾ ನೋಡಿದಳು, ಮೆಷಿನ್ ಚೀಲಕ್ಕೆ ಹಾಕಿಕೊಂಡಳು.

ಜೂನ್ 16, ಭಾನುವಾರ

ಇಬ್ಬರೂ ಸೇರಿ ರಿಪೇರಿ ಮಾಡಿದೆವು! ಬೇಗ ಮುಗಿದರೆ ಬೇಗ ತೊಲಗುತ್ತದೆ ಅಂತ ನಾನೇ ಕೂತೆ. ಅರ್ತ್ ವೈರ್ ಕಟ್ಟಿದ ಸ್ಕ್ರೂಡ್ರೈವರನ್ನು ಕಪ್ಪಿನಡಿ ತೂರಿಸಿ ಟ್ಯೂಬಿನ ಕರೆಂಟ್ ಇಳಿಸಿದೆ. ನನ್ನ ಎಡಗೈ ಬೆನ್ನ ಹಿಂದೆ. ಕಿಡಿ ಹಾರಿದಾಗ ಕಿರುಚಿಬಿಟ್ಟೆ. ಇವರು ನಕ್ಕರು. ಕೆಳಗಿಳಿಸುವ ಸರ್ಕ್ಯೂಟಿನ ಐಸಿ ಕಾಲುಗಳಲ್ಲಿ ಬೆಸುಗೆ ಬಿರುಕು ಬಿಟ್ಟಿತ್ತು. ಡ್ರೈ ಸೋಲ್ಡರ್. ಪಕ್ಕದಲ್ಲೊಂದು ಕೆಪಾಸಿಟರ್ ಉಬ್ಬಿತ್ತು. “ಬೆಸುಗೆ ಮೇಲೆ ಉಗುಳ್ಬೇಡ, ಊದ್ಬೇಡ, ಸುಮ್ನೆ ಆರ್ಲಿ” ಅಂತ ಹಿಂದಿನಿಂದ ಬೈಗುಳ. ಹಾಯಾಗಿತ್ತು ಬೈಸಿಕೊಳ್ಳಲು.

ಸ್ವಿಚ್. ದುಂ. ಗೆರೆ ನಡುಗಿತು, ಮೇಲೂ ಕೆಳಗೂ ಬಿಚ್ಚಿಕೊಂಡು ಪರದೆ ತುಂಬಿತು. ನಡುವೆ ಸುಟ್ಟ ಕಲೆ ತೆಳ್ಳಗೆ ಉಳಿದಿದೆ, ಪರವಾಗಿಲ್ಲ. ನೋಡಿ ಅಂತ ತಿರುಗಿದೆ. ಇವರು ಪರದೆ ನೋಡುತ್ತಿರಲಿಲ್ಲ. ಕಪ್ ನೋಡುತ್ತಿದ್ದರು.

ಜೂನ್ 22, ಶನಿವಾರ

ಕಂದಸಾಮಿ ದಾರಿಯಲ್ಲಿ ಸಿಕ್ಕರು. “ಅತ್ತಿಗೇ, ಇನ್ನೂ ರೆಡಿ ಆಗ್ಲಿಲ್ವಂತೆ? ಪಾರ್ಟ್ ಸಿಕ್ಕಿಲ್ಲ, ಇನ್ನೊಂದ್ ವಾರ ಅಂತ ಅಣ್ಣ ಫೋನಲ್ಲಿ ಹೇಳಿದ್ರು.”

ರಿಪೇರಿಯಾಗಿ ಆರು ದಿನವಾಯಿತು! ಇವರು ಗಿರಾಕಿಗೆ ಒಂದು ದಿನವೂ ಸುಳ್ಳು ಹೇಳಿದ ಮನುಷ್ಯನಲ್ಲ.

ಮನೆಗೆ ಬಂದು ಇವರ ಎಡಗೈ ಹಿಡಿದು ಬೆಳಕಿಗೆ ತಿರುಗಿಸಿದೆ. ತೋರುಬೆರಳ ತುದಿಯಲ್ಲಿ ಕಪ್ಪು ಚುಕ್ಕೆ. ಹೊಸದು. ಬೆಳಿಗ್ಗೆ ಎಣ್ಣೆ ತಿಕ್ಕಲು ಟವೆಲ್ ಬಿಚ್ಚಿ, ಎಣ್ಣೆ ಹಿಡಿಯಲಿ ಅಂತ ಬಿಟ್ಟು ಹಾಲು ತರಲು ಹೋಗಿದ್ದೆ. ಅಷ್ಟೇ ಹೊತ್ತು.

ಜೂನ್ 23, ಭಾನುವಾರ

ಜಗಳ. ಇಡೀ ಬೀದಿಗೆ ಕೇಳಿಸಿರಬೇಕು.

“ಸಾಯ್ಬೇಕಾ ನಿಮ್ಗೆ? ನೇರವಾಗಿ ಹೇಳಿ!”

“ಸಾಯಾಕಲ್ಲ ವಿಜಿ.” ಎಷ್ಟು ತಣ್ಣಗೆ! “ಈ ಕೈ ಯಾರ್ದೋ ಆಗೋಗಿದೆ. ನೀನು ತೊಳೀತೀಯ, ಕಟ್ತೀಯ, ನಂಗೇನೂ ಇಲ್ಲೆ. ಆವಾಗ ಒಂದೇ ಒಂದ್ ಕ್ಷಣ ಅದು ನಂದಾಯ್ತು. ಇನ್ನೊಂದೆರಡ್ ಸಲ ಆದ್ರೆ ಪೂರಾ ಬಂದ್ಬುಡ್ತದೆ.”

“ಬರಲ್ಲ ಅಂತ ಇಲಕ್ಕಿಯಾ ಹೇಳಿದ್ಳಲ್ಲ!”

“ಆ ಹುಡುಗಿಗೆ ಇ.ಎಚ್.ಟಿ., ಈ ಟ್ಯೂಬಿನ ಇಪ್ಪತ್ ಸಾವ್ರ ವೋಲ್ಟು, ಗೊತ್ತಾ?”

ಅತ್ತುಬಿಟ್ಟೆ. ಈ ಮನುಷ್ಯ ಇಲ್ಲದೆ ನನಗೆ ಇಲ್ಲಿ ಯಾರಿದ್ದಾರೆ? ಒಂದು ಕೈ ಇಲ್ಲದಿದ್ದರೂ ಸರಿ, ಮಾತಿಲ್ಲದಿದ್ದರೂ ಸರಿ, ಕುರ್ಚಿಯಲ್ಲಿ ಕೂತಿರಲಿ. ಅಷ್ಟೇ ಸಾಕು ನನಗೆ. ಇದನ್ನು ಹೇಳಿದೆ ಕೂಡ. ಇವರು ಕಿಟಕಿ ಕಡೆ ತಿರುಗಿಕೊಂಡರು.

ಮಾನಿಟರಿನ ಕರೆಂಟ್ ವೈರ್ ಬಚ್ಚಿಟ್ಟೆ. ರಿಪೇರಿ ಅಂಗಡಿಯಲ್ಲಿ ವೈರಿಗೆ ಬರವೇ? ಡ್ರಾಯರ್ ತುಂಬ ಇವೆ.

ಜೂನ್ 24, ಸೋಮವಾರ

ಕಂದಸಾಮಿಗೆ ನಾನೇ ಫೋನ್ ಮಾಡಿದೆ. ಮಾನಿಟರ್ ರೆಡಿ, ತಗೊಂಡು ಹೋಗಿ. ಇವತ್ತು ಆಟೋ ಇಲ್ಲವಂತೆ, ನಾಳೆ ಮಧ್ಯಾಹ್ನ ನಾಲ್ಕಕ್ಕೆ ಬರುತ್ತಾರಂತೆ. ಆ ಭಾರ ನನ್ನಿಂದ ಎತ್ತಲಾಗದು, ಇಲ್ಲದಿದ್ದರೆ ಈಗಲೇ ಬೀದಿಗಿಡುತ್ತಿದ್ದೆ.

ಇವರಿಗೂ ಹೇಳಿದೆ. ಕದ್ದು ಮಾಡಲು ಮನಸ್ಸು ಬರಲಿಲ್ಲ. “ಸರಿ” ಅಂದರು. ಟವೆಲ್ ಬಿಚ್ಚದೆಯೇ ಮಲಗಿಸಿದೆ.

ಜೂನ್ 25, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ

ಎಷ್ಟೋ ದಿನದ ಮೇಲೆ ಹಗುರಾಗಿ ಬರೆಯುತ್ತಿದ್ದೇನೆ. ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೇನೆ. ಬೆಟ್ಟದ ಕಡೆಯಿಂದ ಒಳ್ಳೆ ಗಾಳಿ.

ಜಗಳದ ಸಿಟ್ಟು ಇವರಿಗೆ ಇಳಿದಿದೆ. ಬೆಳಿಗ್ಗೆ ಎರಡು ದೋಸೆ ಹೆಚ್ಚಿಗೆ ತಿಂದರು. ಮಧ್ಯಾಹ್ನ ಊಟವಾದ ಮೇಲೆ ತಾವಾಗಿಯೇ ಮಾತು — “ಈ ಟವೆಲ್ ಒಂದೇ ಎಣ್ಣೆ ನಾತ ವಿಜಿ. ಒಗ್ದಾಕು. ನಾನೊಂಚೂರು ಮಲಗ್ತೀನಿ.” ನನ್ನ ಕೆನ್ನೆ ಮುಟ್ಟಿದರು, ಎಡಗೈಯಲ್ಲಿ. ಆ ಸೋಮಾರಿ ಕೈಗೆ ಇದಾದರೂ ಬರುತ್ತದಲ್ಲ ಅಂದೆ. ನಕ್ಕರು. ಮಲಗಿಸಿ, ಗೊರಕೆ ಕೇಳಿದ ಮೇಲೆಯೇ ಎದ್ದು ಬಂದೆ.

ಇನ್ನೊಂದೇ ಗಂಟೆ. ಕಂದಸಾಮಿ ಬಂದು ಎತ್ತಿಕೊಂಡು ಹೋದರೆ ಸಂಜೆ ವಿನೋದಿನಿಗೆ ಫೋನ್ ಮಾಡಿ ಎಲ್ಲ ಹೇಳಬೇಕು. ಭಾನುವಾರ ಬರಲು ಹೇಳಬೇಕು. ಇವರಿಗೆ ಇಷ್ಟ ಅಂತ ಹುರುಳಿ

ಒಳಗೆ ದುಂ ಅಂತು.

ಟವೆಲ್ ಇಲ್ಲೇ ಹಗ್ಗದ ಮೇಲಿದೆ. ನಾನೇ ಒಗೆದು