112ನೆಯ ಪುಟದ ಹೆಜ್ಜೆ

ಧಾರವಾಡ
ಎರಡನೆಯ ಮೇ ತಿಂಗಳ 34, 2391

ಹಿಮನದಿಗಳ ಈ ಪುಸ್ತಕವನ್ನು ಮೊದಲು ಕೊಂಡ ಶ್ರೀ ವಿರೂಪಾಕ್ಷ ಹೊಳಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಒಂದು ಮೇ ತಿಂಗಳಲ್ಲಿ ಮುಗಿಯದ ಕಾರಣ ಮೂವತ್ತೈದು ದಿನಗಳ ಎರಡನೆಯದನ್ನು ಸೇರಿಸಿ ತಲೆಮಾರುಗಳೇ ಕಳೆದಿವೆ. ನಿಮಗೆ ಒಗ್ಗದ ಮಾತು ಬಂದರೆ ಕ್ಷಮಿಸಿ. ನಿಮ್ಮ ಹೆಸರು, ಕೊಂಡ ವರ್ಷ 2024, ಎರಡೂ ಮೊದಲ ಪುಟದಲ್ಲಿವೆ.

ನಾನು ಭೂವಿಜ್ಞಾನದ ಹಳೆಯ ಪುಸ್ತಕಗಳನ್ನು ಕೂಡಿಸುವವನು. ಹಿಮನದಿ ಮತ್ತು ಆದಿಮಾನವರ ಬಗೆಗಿನವು ನನ್ನಲ್ಲಿ ನಲವತ್ತೊಂದಿವೆ. ಹಿಮನದಿಯನ್ನು ಕಂಡವರು ಈಗ ಯಾರೂ ಇಲ್ಲ. ಪುಸ್ತಕಗಳನ್ನು ಬೇವಿನ ಸೊಪ್ಪು ಹಾಕಿದ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದು, ಒಂದೊಂದಾಗಿ ಒಣಮನೆಗೆ ಒಪ್ಪಿಸುತ್ತೇವೆ. ಗಾಳಿಯ ತೇವ ತೆಗೆದು ಕಾಗದವನ್ನು ಕಾಯುವ ಕಟ್ಟಡಕ್ಕೆ ಆ ಹೆಸರು. ಪೆನ್ಸಿಲ್ ಗುರುತುಗಳನ್ನು ಅಳಿಸಿದ ಶುದ್ಧ ಪ್ರತಿಗೆ ಮಾತ್ರ ಅಲ್ಲಿ ಜಾಗ. ಒಳಪುಟದಲ್ಲಿ ಶಾಯಿಯ ಗೆರೆ ಇದ್ದರೆ ತೆಗೆದುಕೊಳ್ಳುವುದಿಲ್ಲ; ಅಂಥದ್ದನ್ನು ಯಾರೂ ಒರೆಸುವ ಗೋಜಿಗೂ ಹೋಗುವುದಿಲ್ಲ. ರಬ್ಬರ್ ಸಿಗದ ಕಾರಣ ನಾದಿದ ಗೋಧಿ ಕಣಕದ ಉಂಡೆಯಿಂದ ಒರೆಸುತ್ತೇವೆ. ಈ ಕೆಲಸದಲ್ಲಿ ನನಗೆ ಊರಲ್ಲಿ ಹೆಸರಿದೆ.

ಕಳೆದ ವಾರ ನಿಮ್ಮ ಪುಸ್ತಕದ ಸರದಿ ಬಂತು. 112ನೆಯ ಪುಟದಲ್ಲಿ, ಹಿಮಯುಗದ ಮಗುವೊಂದು ಕೆಸರಿನಲ್ಲಿ ಊರಿದ ಹೆಜ್ಜೆಯ ಚಿತ್ರವಿದೆ, ನಿಜವಾದ ಅಳತೆಯದು. ಅದರ ಸುತ್ತ ಪೆನ್ಸಿಲ್ಲಿನ ಗೆರೆ ಇತ್ತು. ಯಾರೋ ಹಳೆಯ ಓದುಗರದೆಂದು ತಿಳಿದು ಒರೆಸಿದೆ. ಹತ್ತು ನಿಮಿಷದ ಕೆಲಸ.

ಮರುದಿನ ನನ್ನ ಹೆಂಡತಿ ಸುವರ್ಣಾ ಆ ಪುಟ ತೆರೆದಳು. ಬಹಳ ಹೊತ್ತು ನೋಡಿದಳು.

"ಅದು ತುಂಗಾನ ಪಾದ ಇತ್ತಲ್ರೀ," ಎಂದಳು.

ತುಂಗಾ ನಮ್ಮ ಮಗಳು. ಆರು ವರ್ಷದ ಹಿಂದೆ, ಇದೇ ತಿಂಗಳ ಜ್ವರದಲ್ಲಿ ಹೋದಳು. ಆಗ ಅವಳಿಗೆ ಐದು ವರ್ಷವಾಗಿತ್ತು. ನಾನು ಪುಸ್ತಕ ಹುಡುಕಿಕೊಂಡು ಪರಊರಿಗೆ ಹೋಗಿದ್ದ ಒಂದು ದಿನ, ಸುವರ್ಣಾ ಆ ಚಿತ್ರದ ಮೇಲೆ ಅವಳ ಪಾದವಿಡಿಸಿ ಗೆರೆ ಎಳೆದಿದ್ದಳಂತೆ. "ಯವ್ವಾ, ಇಂವ ಉಗುರು ತಗದೇ ಇಲ್ಲ!" ಎಂದು ತುಂಗಾ ನಕ್ಕಿದ್ದಳಂತೆ. ಪುಸ್ತಕ ಹೊಲಸು ಮಾಡಿದಿರೆಂದು ನಾನು ಬೈಯುತ್ತೇನೆಂದು ಇಬ್ಬರೂ ನನಗೆ ಹೇಳಲಿಲ್ಲ.

ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಏನೂ ಉಳಿದಿಲ್ಲ. ಕೆಲಸ ಚೊಕ್ಕವಾಗಿದೆ. ಕಣಕದ ಉಂಡೆಯನ್ನು ಎಸೆಯಲು ಸುವರ್ಣಾ ಬಿಡಲಿಲ್ಲ. ಪೆನ್ಸಿಲ್ ಸೀಸ ಮೆತ್ತಿ ಕಪ್ಪಾದ ಅದು ಬಟ್ಟಲಲ್ಲಿ ಒಣಗುತ್ತಿದೆ.

ನನ್ನದೊಂದು ಕೋರಿಕೆ. ನಿಮ್ಮ ಕಾಲದಲ್ಲಿ ಪುಸ್ತಕ ಇನ್ನೂ ನಿಮ್ಮ ಕೈಯಲ್ಲಿದೆ. 112ನೆಯ ಪುಟದ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಶಾಯಿಯಲ್ಲಿ ಎಳೆಯಿರಿ. ಆಗ ಈ ಪ್ರತಿ ಒಣಮನೆಗೆ ಬೇಡವಾಗುತ್ತದೆ, ನಮ್ಮ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ನಾನು ಆ ಪುಟವನ್ನು ಒರೆಸಲು ಕೂರುವುದೇ ಇಲ್ಲ.

ಇತಿ,
ಈರಣ್ಣ ಕಲ್ಲಾಪುರ